ಬಂತಾ ಅಣ್ಣಾ?

“ಅವ್ರು ಹೋಗ್ಬುಟ್ರು ಕಣಪ್ಪಾ, ಹತ್ತು ದಿನ ಆಯ್ತು,” ಎಂದಳು ಸಾಕಮ್ಮ. ಎಸಿ ರಿಪೇರಿಗೆ ಬಂದಿದ್ದ ಯುವರಾಜ್ ಹೆಗಲಿನ ಏಣಿ ಇಳಿಸುವುದನ್ನೇ ಮರೆತ.

“ಚನ್ನಕೇಶವಣ್ಣನಾ? ಹೋದ್ ಬ್ಯಾಸಿಗೇಲಿ ‘ಜೋರಾಗಿ ಊದ್ಲಾ, ಮುದ್ದೆ ತಿಂದಿಲ್ವಾ’ ಅಂತ ರೇಗಿಸ್ತಿದ್ರಲ್ಲಕ್ಕಾ!”

“ನಾಳೆ ತಿಥಿ. ತೊರಪಲ್ಲಿಯಿಂದ ನೆಂಟ್ರು ಬತ್ತಾರೆ. ಫೋಟೋ ಇಡೋ ಗೋಡೆ ಮೇಲೇ ಎಸಿ ನೀರು ಸುರೀತೈತೆ. ಅದೊಂದು ನಿಲ್ಸ್‌ಕೊಡು.”

ಅವನು ಏಣಿ ಹತ್ತಿ, ಎಸಿ ನೀರು ಹಿತ್ತಲಿಗೆ ಹೋಗುವ, ಪಾಚಿ ಕಟ್ಟಿಕೊಂಡಿದ್ದ ಪೈಪಿಗೆ ಬಾಯಿಟ್ಟು ಊದಿದ. ಪ್ರತಿ ಬೇಸಿಗೆಯಲ್ಲೂ ಚನ್ನಕೇಶವ ಹಿತ್ತಲಲ್ಲಿ ಪೈಪಿನ ಇನ್ನೊಂದು ತುದಿಗೆ ಬಕೆಟ್ ಹಿಡಿದು ನಿಲ್ಲುತ್ತಿದ್ದರು. ಮೂರನೇ ಸಲ ಊದಿದಾಗ ಒಳಗಿನ ಪಾಚಿ ಕದಲಿದಂತಾಯಿತು. ಯುವರಾಜ್ ಕಿಟಕಿಯತ್ತ ತಿರುಗಿ ಎಂದಿನಂತೆ ಕೂಗಿಬಿಟ್ಟ: “ಬಂತಾ ಅಣ್ಣಾ?”

ಕೂಗಿದವನೇ ನಾಲಿಗೆ ಕಚ್ಚಿಕೊಂಡ. ಸಾಕಮ್ಮ ಅವನ ಮುಖ ನೋಡದೆ ಎದ್ದು ಹೊರಗೆ ಹೋದಳು. ಏಣಿಯ ಮೇಲೆ ನಿಂತವನಿಗೆ ಇಳಿಯಲೂ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಹಿತ್ತಲಲ್ಲಿ ಬಕೆಟ್ ಇಟ್ಟ ಸದ್ದಾಯಿತು.

“ಬಂತು ಕಣ್ಲಾ! ಊದ್ಲಾ, ಮುದ್ದೆ...” ಗಂಡನ ಮಾತನ್ನು ಸಾಕಮ್ಮ ಅರ್ಧಕ್ಕೇ ಬಿಟ್ಟಳು. ನೀರು ಸುರಿದು ಬಕೆಟ್ ತುಂಬಿತು.

“ನಾಳೆ ಹತ್ತು ಗಂಟೆಗೆ ಬಂದ್ಬುಡು ಯುವರಾಜ,” ಎಂದಳು ಕೊನೆಗೆ ಅಲ್ಲಿಂದಲೇ. “ಎಡೆ ಇಡೋವಾಗ ನೀನಿರ್ಬೇಕು.”

“ಬತ್ತೀನಕ್ಕಾ.”