ಗರಿಗರಿ ಸಾಲ್ಮನ್

ಅಳಿಯ ಶುಂಠಿ ತುರಿದು ತಿರುಗುವಷ್ಟರಲ್ಲಿ ಅತ್ತೆ ಬಾಣಲೆಗೆ ಮತ್ತೆ ಮುಚ್ಚಳ ಮುಚ್ಚಿದ್ದರು. ಒಳಗೆ ಸಾಲ್ಮನ್ ಮೀನು ಬೆವರುತ್ತಿತ್ತು. ಮದುವೆಯಾದ ಮೇಲೆ ಅವರು ಊಟಕ್ಕೆ ಬಂದದ್ದು ಇದೇ ಮೊದಲು. ಮಗಳನ್ನು ಕೊಟ್ಟದ್ದು ತಪ್ಪಲ್ಲವೆಂದು ಈ ಮೀನೇ ಸಾಬೀತು ಮಾಡಬೇಕಿತ್ತು.

“ಮುಚ್ಚಿದ್ರೆ ಚರ್ಮ ಗರಿಗರಿ ಆಗಲ್ಲ ಅತ್ತೆ,” ಎಂದು ಅವನು ಮುಚ್ಚಳ ತೆಗೆದ. ಸೋಯಾ ಸಾಸಿಗೆ ಜೇನು ಬೆರೆಸುವಷ್ಟರಲ್ಲಿ ಅದು ಪುನಃ ಸ್ವಸ್ಥಾನ ಸೇರಿತ್ತು.

“ಅಯ್ಯೋ, ಎಷ್ಟು ಸಲ ಹೇಳ್ಲಿ!” ಅಳಿಯನ ದನಿ ಏರಿಯೇಬಿಟ್ಟಿತು.

ಅತ್ತೆ ಮಗಳು ಕೂತಿದ್ದ ಹಾಲ್ ಕಡೆ ನೋಡಿ ಪಿಸುಗುಟ್ಟಿದರು. “ಮಗಳಿಗೆ ಹೇಳ್ಬೇಡಿ ಅಳಿಯಂದ್ರೇ. ಕಟ್ಟಿಸಿಕೊಂಡ ಹಲ್ಲು ಮೊನ್ನೆ ಮುರಿದೋಯ್ತು. ಗರಿಗರಿ ನನ್ನ ಕೈಲಾಗಲ್ಲ.”

ಅಳಿಯ ಉಸಿರು ಬಿಟ್ಟ. ಮೀನನ್ನು ಅವರ ತಟ್ಟೆಗೆ ಹಾಕುವ ಮೊದಲು ಚರ್ಮ ಸುಲಿದು ತಾನೇ ಬಾಯಿಗೆ ಹಾಕಿಕೊಂಡ. ಹಬೆಯ ದಯೆಯಿಂದ ಅದು ಎಷ್ಟು ಮೆತ್ತಗಾಗಿತ್ತೆಂದರೆ, ಅತ್ತೆಯೇ ತಿನ್ನಬಹುದಿತ್ತು.