ಆಲೂಗಡ್ಡೆ ಕಡುಬು

ಪೋಲೆಂಡಿನ ಕ್ರಾಕೋವ್‌ನಲ್ಲಿ ಕೋಟೆ ನೋಡಿ ಬಂದ ತಾಯಿ ಮಣಿಸರ ಕೊಳ್ಳಲು ಅಂಗಡಿಸಾಲಿಗೆ ನುಗ್ಗಿದಳು. ಅದೇ ಸಮಯ ಸಾಧಿಸಿ ಮಗ ಎದುರಿನ ಹೋಟೆಲಿನಲ್ಲಿ ಮಾಂಸ ತುಂಬಿದ ಕಡುಬು ತರಿಸಿಕೊಂಡ. ಎರಡನೆಯ ತುತ್ತಿಗೇ ಅವಳು ಬಂದು ಎದುರಿಗೆ ಕೂತಳು.

“ಏನೋ ಅದು?”

“ಆಲೂಗಡ್ಡೆ ಕಡುಬಮ್ಮ.”

“ಮಾಂಸ ಮುಟ್ಟಲ್ಲಾಂತ ದೇವರ ದೀಪ ಮುಟ್ಟಿ ಆಣೆ ಮಾಡಿ ಬಂದಿದೀಯ. ಮರ್ತಿಲ್ಲ ತಾನೆ?”

“ಛೆ, ಮರೀತೀನಾ?”

“ಹಾಗಾದ್ರೆ ನಂಗೂ ಒಂದು ಕೊಡು.”

ಅವನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. “ಆರಿಹೋಗಿದೆ. ನಿಂಗೆ ಬಿಸಿಯಾಗಿ ಬೇರೆ ಹೇಳ್ತೀನಿ.”

ತಾಯಿ ಅವನನ್ನೇ ದಿಟ್ಟಿಸಿದಳು. ಬಡಿಸುವ ಹುಡುಗಿಯನ್ನು ಕೈಬೀಸಿ ಕರೆದು ತಟ್ಟೆಯತ್ತ ಬೆರಳು ತೋರಿದಳು. “ಏನಮ್ಮಾ, ಇದ್ರಲ್ಲಿ ಮಾಂಸ ಇದ್ಯಾ?”

ಅವನಿಗೆ ಹೋದ ಜೀವ ಬಂದಂತಾಯಿತು. “ಅವಳಿಗೆ ಕನ್ನಡ ಎಲ್ಲಿಂದ ಬರ್ಬೇಕಮ್ಮ!” ಎಂದು ನಕ್ಕ.

ಹುಡುಗಿಯ ಮುಖ ಅರಳಿತು. ಹೌದೆಂದು ತಲೆಯಾಡಿಸುತ್ತ ಅವಳು ತನ್ನ ಪೋಲಿಷ್ ಭಾಷೆಯಲ್ಲೇ ಎಂದಳು: “ಮ್ಯೆಂಸೊ! ಮ್ಯೆಂಸೊ!”