ಜನರೇಟರಿನ ಕರೆಂಟು

ಕರೆಂಟ್ ಹೋಗಿ ಕೆಳಗೆ ಡೀಸೆಲ್ ಜನರೇಟರ್ ಗುಡುಗಿದ್ದೇ ತಡ, ಜಲಜಾ ತಾನು ಪರೀಕ್ಷಿಸುತ್ತಿದ್ದ ಸರ್ಕ್ಯೂಟ್ ಬೋರ್ಡಿನ ಪ್ಲಗ್ಗನ್ನು ಯುಪಿಎಸ್‌ನಿಂದ ಕಿತ್ತು ಗೋಡೆಯ ಸಾಕೆಟ್ಟಿಗೆ ಚುಚ್ಚಿದಳು. ನೋಯ್ಡಾದ ಆ ಚಿಪ್ ವಿನ್ಯಾಸದ ಲ್ಯಾಬಿನಲ್ಲಿ ಜನರೇಟರ್ ಓಡುವಾಗ ಯಾರೂ ಅಳತೆ ಮಾಡುತ್ತಿರಲಿಲ್ಲ, ಚಹಾಕ್ಕೆ ಹೋಗುತ್ತಿದ್ದರು.

"ತಲೆ ಕೆಟ್ಟಿದೆಯೇನಮ್ಮಾ? ಇಷ್ಟು ಗಲೀಜು ಕರೆಂಟಲ್ಲಿ ಅಳೀತಾರಾ?" ಎಂದರು ಮ್ಯಾನೇಜರ್ ತಿಪ್ಪೇಸ್ವಾಮಿ.

"ನಮ್ಮ ಚಿಪ್ ಕೊಳ್ಳೋರ ಮನೇಲೆಲ್ಲ ಯುಪಿಎಸ್ ಇರಲ್ಲ ಸಾರ್."

ಒಳಬರುವ ಸಪ್ಲೈ ಎಷ್ಟೇ ಕುಣಿದರೂ ಅವಳ ಸರ್ಕ್ಯೂಟ್ ಹೊರಗೆ ಕೊಡುವುದು 1.2 ವೋಲ್ಟಿನಿಂದ ಕದಲಬಾರದು. ಕದಲಿದರೆ, ಸಂಜೆ ಫ್ಯಾಕ್ಟರಿಗೆ ಹೋಗುವ ಚಿಪ್ಪಿನ ನಕ್ಷೆಯಲ್ಲಿ ಹಳೆಯ ಸರ್ಕ್ಯೂಟೇ ಉಳಿಯುತ್ತದೆ; ಅವಳ ಎಂಟು ತಿಂಗಳ ಕೆಲಸ ಕಸದ ಬುಟ್ಟಿಗೆ.

ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪಿನ ಪರದೆಯ ಮೇಲೆ ಸಪ್ಲೈನ ಗೆರೆ ಮುಳ್ಳುಹಂದಿಯಂತೆ ನಿಗುರಿತು. ಅದರ ಕೆಳಗೆ ಅವಳ ಗೆರೆ ಸ್ಕೇಲಿಟ್ಟು ಎಳೆದಂತಿತ್ತು.

"ಪ್ರೋಬ್ ಸಿಕ್ಕಿಸೋದೇ ಮರೆತಿದ್ದೀಯ," ಎಂದು ನಕ್ಕ ತಿಪ್ಪೇಸ್ವಾಮಿ ತಾವೇ ಕೈಹಾಕಿ, ಅವಳ ಸರ್ಕ್ಯೂಟಿಗೆ ಸಿಕ್ಕಿಸಿದ್ದ ಆ ಅಳತೆಯ ತಂತಿಯನ್ನು ಎಳೆದರು. ಗೆರೆ ಸೊನ್ನೆಗೆ ಬಿತ್ತು. ಸಿಕ್ಕಿಸಿದರು. ಅದು 1.2ಕ್ಕೆ ಎದ್ದು ನಿಂತಿತು. ಇನ್ನೊಮ್ಮೆ ಎಳೆದು ಸಿಕ್ಕಿಸುವಷ್ಟರಲ್ಲಿ ಅವರ ನಗು ನಿಂತಿತ್ತು.

"ಅಚ್ಛಾ!" ಎಂದರು ಮೆಲ್ಲಗೆ. "ಹಳೇದನ್ನ ಈಗಲೇ ತೆಗೆಸ್ತೀನಿ. ನಕ್ಷೆ ಮೇಲೆ ನಿನ್ನ ಹೆಸರು ನೀನೇ ಬರಿ."